ಘಟ್ಟದ ಕಾಡುಹೂಗಳನ್ನು ಅಂಗರಚನೆಯಿಂದ ಗುರುತಿಸುವ ಬಗೆ

ಮುಂಗಾರಿನ ಬಿರುಸು ಇಳಿದ ಮೇಲೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲಿಯೂ ಶೋಲಾ ಕಾಡುಗಳ ಅಂಚಿನಲ್ಲಿಯೂ ಹೂಗಳ ಕಾಲ. ಬಾಬಾಬುಡನ್‌ಗಿರಿ, ಕುದುರೆಮುಖ, ಕೊಡಚಾದ್ರಿ, ಪುಷ್ಪಗಿರಿ, ಬ್ರಹ್ಮಗಿರಿ ಶ್ರೇಣಿಗಳ ಇಳಿಜಾರುಗಳಿಗೆ ಹೊಂದಿಕೊಂಡ ತೋಟ, ಗದ್ದೆ, ಬ್ಯಾಣಗಳಲ್ಲಿಯೂ ಇದೇ ಸಸ್ಯಗಳು ಕಾಣಸಿಗುತ್ತವೆ. ಈ ಮೂರು ತಿಂಗಳು ರೈತರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಇದು ಯಾವ ಹೂವು, ದನ ತಿಂದರೆ ತೊಂದರೆಯಿದೆಯೇ, ಇದರ ಗಡ್ಡೆ ತಿನ್ನಲು ಬರುತ್ತದೆಯೇ, ಕಿತ್ತು ತಂದು ಅಂಗಳದಲ್ಲಿ ನೆಡಬಹುದೇ. ಪ್ರಶ್ನೆಯ ಜೊತೆಗೆ ಬರುವುದು ಸಾಮಾನ್ಯವಾಗಿ ಹೂವಿನ ಮುಖವನ್ನಷ್ಟೇ ತೋರಿಸುವ ಒಂದು ಛಾಯಾಚಿತ್ರ, ಇಲ್ಲವೇ ಒಂದು ಸ್ಥಳೀಯ ಹೆಸರು. ಇವೆರಡರಿಂದ ಉತ್ತರ ಹೇಳುವುದು ಅಪಾಯಕರ.

ಈ ಮಾತನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಹಲವು ವರ್ಷಗಳ ಹಿಂದೆ ಮಲೆನಾಡಿನ ರೈತ ಮಹಿಳೆಯೊಬ್ಬರು ದೂರವಾಣಿಯಲ್ಲಿ, ಬೇಲಿಯಂಚಿನಲ್ಲಿ ಹುಲ್ಲು ಕೊಯ್ದಾಗ ಗೌರಿ ಹೂವೂ ಸೇರಿಕೊಂಡಿದೆ, ದನಗಳಿಗೆ ಹಾಕಬಹುದೇ ಎಂದು ಕೇಳಿದರು. ಗೌರಿ ಹೂವೆಂದರೆ ಕರ್ಣಕುಂಡಲವೆಂದು ಭಾವಿಸಿ, ಅಲ್ಪಸ್ವಲ್ಪ ಸೇರಿದ್ದರೆ ಚಿಂತೆಯಿಲ್ಲ ಎಂದುಬಿಟ್ಟೆ. ಅದೇ ಸಂಜೆ ಆ ಊರಿಗೆ ಹೋಗಿದ್ದ ವಿಸ್ತರಣಾ ಕಾರ್ಯಕರ್ತರು ಕಟ್ಟನ್ನು ಬಿಚ್ಚಿ ನೋಡಿದಾಗ ಅದರಲ್ಲಿದ್ದುದು ಅಗ್ನಿಶಿಖೆಯ ಬಳ್ಳಿ. ಪುಣ್ಯಕ್ಕೆ ಹುಲ್ಲು ಇನ್ನೂ ಗೋದಲಿಗೆ ಬಿದ್ದಿರಲಿಲ್ಲ. ಭಾದ್ರಪದದ ಗೌರಿ ಹಬ್ಬದ ಹೊತ್ತಿಗೆ ಅರಳುವ ಎರಡು ಸಸ್ಯಗಳಿಗೆ ಜನ ಒಂದೇ ಹೆಸರಿಟ್ಟಿದ್ದಾರೆ. ಅವರ ದೃಷ್ಟಿಯಿಂದ ಅದು ಸರಿಯೇ, ಎರಡೂ ಗೌರಿಗೆ ಏರಿಸುವ ಹೂಗಳು. ಹೆಸರನ್ನೇ ನಂಬಿ ಸಲಹೆ ಕೊಟ್ಟ ತಪ್ಪು ನನ್ನದು. ಅಂದಿನಿಂದ ಗಿಡದ ಎಲೆ, ಕಾಂಡ, ಹೂವಿನ ಒಳಭಾಗಗಳ ವಿವರ ಸಿಗದೆ ಇಂಥ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಬಣ್ಣವನ್ನು ಕೊನೆಗೆ ನೋಡಿ

ಹೂವಿನ ಬಣ್ಣವೇ ಮೊದಲು ಕಣ್ಣಿಗೆ ಬೀಳುತ್ತದೆ. ಗುರುತಿಸುವಾಗ ಮಾತ್ರ ಅದಕ್ಕೆ ಕೊನೆಯ ಸ್ಥಾನ. ಅಗ್ನಿಶಿಖೆಯ ಹೂವು ಮೊಗ್ಗಿನಲ್ಲಿ ಹಸಿರು, ಅರಳಿದಾಗ ಬುಡದಲ್ಲಿ ಹಳದಿ ತುದಿಯಲ್ಲಿ ಕೆಂಪು, ಬಾಡುವ ಮುನ್ನ ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಮೂರೂ ಬಣ್ಣ ಏಕಕಾಲಕ್ಕೆ ಇರುತ್ತವೆ. ಲಂಟಾನದ ಹೂಗೊಂಚಲಿನಲ್ಲಿಯೂ ಎಳೆಯ ಹೂವು ಹಳದಿ, ಬಲಿತದ್ದು ಗುಲಾಬಿ ಅಥವಾ ಕೆಂಪು. ಕರ್ಣಕುಂಡಲದ ಒಂದೇ ಪ್ರಭೇದದಲ್ಲಿ ಬಿಳಿ ಹೂವಿನ ಗಿಡಗಳೂ ಕಡುಗುಲಾಬಿ ಹೂವಿನ ಗಿಡಗಳೂ ಅಕ್ಕಪಕ್ಕದಲ್ಲಿ ಬೆಳೆಯುತ್ತವೆ. ಸಾಲದ್ದಕ್ಕೆ ಮೊಬೈಲ್ ಕ್ಯಾಮೆರಾಗಳು ನೇರಳೆ ಬಣ್ಣವನ್ನು ಅನೇಕ ವೇಳೆ ನೀಲಿಯಾಗಿ ತೋರಿಸುತ್ತವೆ.

ಇನ್ನೂ ಒಂದು ತೊಡಕಿದೆ. ಎದ್ದು ಕಾಣುವ ಬಣ್ಣದ ಭಾಗ ಎಸಳೇ ಆಗಿರಬೇಕೆಂದಿಲ್ಲ. ಬೆಳ್ಳಟ್ಟೆ ಗಿಡದಲ್ಲಿ ಬೆಳ್ಳಗೆ ಎಲೆಯಂತೆ ಹರಡಿಕೊಂಡಿರುವುದು ಹೂವಿನ ಹೊರಸುತ್ತಿನ ಒಂದು ಪುಷ್ಪಪತ್ರ. ನಿಜವಾದ ಹೂವು ಅದರ ಪಕ್ಕದ ಸಣ್ಣ ಕಿತ್ತಳೆ ಬಣ್ಣದ ನಕ್ಷತ್ರ. ಕಾಡು ಅರಿಶಿನದ ತೆನೆಯ ತುದಿಯಲ್ಲಿರುವ ಗುಲಾಬಿ ಪಟ್ಟಿಗಳು ಹೂವನ್ನು ಕಾಯುವ ಎಲೆಗಳು. ಹಳದಿ ಹೂಗಳು ಕೆಳಗಿನ ಹಸಿರು ಚೀಲಗಳೊಳಗೆ ಅಡಗಿರುತ್ತವೆ. ಸೂರ್ಯಕಾಂತಿ ಕುಟುಂಬದಲ್ಲಿ ನಾವು ಒಂದು ಹೂವೆಂದು ಎಣಿಸುವುದು ಹತ್ತಾರು ಅಥವಾ ನೂರಾರು ಕಿರುಹೂಗಳ ಗೊಂಚಲು. ಅಂಚಿನ ಒಂದೊಂದು ‘ಎಸಳನ್ನೂ’ ಕಿತ್ತು ನೋಡಿದರೆ ಅದೊಂದು ಬೇರೆಯೇ ಹೂವು.

ಗಿಡವನ್ನು ಓದುವ ಕ್ರಮ

ಮೊದಲು ನೆಲ ನೋಡಬೇಕು. ತೆರೆದ ಹುಲ್ಲುಗಾವಲೇ, ನೀರು ಜಿನುಗುವ ಬಂಡೆಯೇ, ಜಂಬಿಟ್ಟಿಗೆಯ ಹಾಸೇ, ಮರದ ತೊಗಟೆಯೇ, ಕಾಡಿನ ನೆರಳೇ ಎಂಬುದನ್ನು ಗುರುತು ಹಾಕಿಕೊಳ್ಳಿ. ನೀರು ನಿಂತ ಬಡ ಜಂಬಿಟ್ಟಿಗೆ ಹಾಸಿನ ಮೇಲೆ ನೀಲಿ ಚುಕ್ಕೆಗಳಂತೆ ಯುಟ್ರಿಕ್ಯುಲೇರಿಯ, ಬಿಳಿ ಗುಂಡಿಗಳಂತೆ ಎರಿಯೋಕಾಲಾನ್, ಅಂಟು ಹನಿಗಳ ಡ್ರಾಸಿರ ಒಟ್ಟಿಗೆ ಕಂಡರೆ ಆ ಮಣ್ಣಿನಲ್ಲಿ ಸಾರಜನಕ ಬಹಳ ಕಡಿಮೆಯೆಂದು ಪರೀಕ್ಷೆಗೆ ಮೊದಲೇ ಊಹಿಸಬಹುದು. ಡ್ರಾಸಿರವೂ ಯುಟ್ರಿಕ್ಯುಲೇರಿಯವೂ ಕೀಟಗಳನ್ನು ಹಿಡಿಯುವುದು ಆ ಕೊರತೆಯನ್ನು ತುಂಬಿಕೊಳ್ಳಲೆಂದೇ.

ಬಳಿಕ ಕಾಂಡ. ಬೆರಳುಗಳ ನಡುವೆ ಉರುಳಿಸಿದರೆ ಅದು ದುಂಡೋ ಚೌಕವೋ ತಿಳಿಯುತ್ತದೆ. ಗೆಣ್ಣು ಊದಿಕೊಂಡಿದೆಯೇ, ಮುರಿದಾಗ ನೀರು ಬರುತ್ತದೆಯೇ, ಹಾಲು ಬರುತ್ತದೆಯೇ, ಒಳಗೆ ಪೊಳ್ಳೇ ನೋಡಿ. ಹಾಲು ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ. ಎಲೆಗಳು ಒಂದು ಗೆಣ್ಣಿಗೆ ಒಂದರಂತೆ ಪರ್ಯಾಯವಾಗಿವೆಯೋ, ಎರಡರಂತೆ ಎದುರುಬದುರಾಗಿವೆಯೋ ಎಂಬ ಒಂದೇ ಅಂಶ ಅರ್ಧ ಗೊಂದಲವನ್ನು ಬಗೆಹರಿಸುತ್ತದೆ. ಉದಾಹರಣೆಗೆ ಸಹದೇವಿಯನ್ನೂ ಅಜಿರೇಟಂ ಕಳೆಯನ್ನೂ ಹೂವಿನಿಂದ ಬೇರ್ಪಡಿಸಲು ಅನುಭವಿಗಳೂ ತಡವರಿಸುತ್ತಾರೆ. ಎರಡರಲ್ಲೂ ನಸುನೇರಳೆ ಬಣ್ಣದ ಪುಟ್ಟ ಗೊಂಡೆಗಳು. ಎಲೆಗಳು ಮಾತ್ರ ಸಹದೇವಿಯಲ್ಲಿ ಪರ್ಯಾಯ, ಅಜಿರೇಟಂನ ಕೆಳಭಾಗದಲ್ಲಿ ಎದುರುಬದುರು. ಎಲೆಯ ನರಗಳೂ ಮಾತಾಡುತ್ತವೆ. ಹುಲ್ಲಿನಂತೆ ಸಮಾನಾಂತರವಾಗಿದ್ದರೆ ಬಹುತೇಕ ಏಕದಳ ಸಸ್ಯ, ಬಲೆಯಂತಿದ್ದರೆ ದ್ವಿದಳ. ಎಲೆಯ ಬುಡದಿಂದ ತುದಿಯವರೆಗೆ ಮೂರೋ ಐದೋ ದಪ್ಪ ನರಗಳು ಬಿಲ್ಲಿನಂತೆ ಬಾಗಿ ಓಡಿ, ಅವುಗಳ ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡನರಗಳಿದ್ದರೆ ನೆಕ್ಕರಿಕದ ಕುಟುಂಬವನ್ನು ನೆನೆಯಿರಿ. ಹಣ್ಣು ತಿಂದ ಮಕ್ಕಳ ನಾಲಿಗೆ ಕಪ್ಪಾಗುವ ಆ ಪೊದೆಯನ್ನು ಹೂವಿಲ್ಲದ ಕಾಲದಲ್ಲಿಯೂ ಎಲೆಯಿಂದಲೇ ಗುರುತಿಸಬಹುದು.

ಕೊನೆಯದಾಗಿ ಹೂವು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರವೊಂದು, ಹೊಸ ಬ್ಲೇಡೊಂದು ಇದ್ದರೆ ಸಾಕು. ಹೂವನ್ನು ತೊಟ್ಟಿನಿಂದ ತುದಿಯವರೆಗೆ ಉದ್ದಕ್ಕೆ ಸೀಳಿ, ಹೊರಗಿನಿಂದ ಒಳಕ್ಕೆ ಎಣಿಸುತ್ತ ಹೋಗಬೇಕು: ಪುಷ್ಪಪತ್ರಗಳು, ಎಸಳುಗಳು, ಕೇಸರಗಳು, ನಡುವಿನ ಅಂಡಾಶಯ. ಎಷ್ಟಿವೆ ಎಂಬುದಕ್ಕಿಂತ ಬಿಡಿಯಾಗಿವೆಯೋ ಕೂಡಿಕೊಂಡಿವೆಯೋ ಎಂಬುದು ಹೆಚ್ಚು ಮುಖ್ಯ. ಅಂಡಾಶಯ ಎಸಳುಗಳ ಬುಡಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದು ಎಲ್ಲಕ್ಕಿಂತ ಮುಖ್ಯ. ಒಂದೇ ಹೂವನ್ನು ನೋಡಿ ತೀರ್ಮಾನಿಸಬಾರದು. ಕನಿಷ್ಠ ನಾಲ್ಕೈದು ಹೂಗಳಲ್ಲಿ ಎಣಿಸಿ, ಏಕೆಂದರೆ ಗಾಳಿಮಳೆಗೆ ಎಸಳು ಉದುರಿರಬಹುದು, ಹುಳು ಕೇಸರವನ್ನು ತಿಂದಿರಬಹುದು.

ಅಗ್ನಿಶಿಖೆ: ಎಲ್ಲ ರೈತರೂ ತಿಳಿದಿರಲೇಬೇಕಾದ ಹೂವು

ಗ್ಲೋರಿಯೋಸ ಸೂಪರ್ಬ ಎಂಬ ಈ ಸಸ್ಯದ ಎಲ್ಲ ಭಾಗಗಳಲ್ಲಿಯೂ, ವಿಶೇಷವಾಗಿ ಗಡ್ಡೆ ಮತ್ತು ಬೀಜಗಳಲ್ಲಿ, ಕಾಲ್ಚಿಸಿನ್ ಎಂಬ ವಿಷವಿದೆ. ಇದೇ ಕಾಲ್ಚಿಸಿನ್ ಔಷಧವೂ ಹೌದು. ತಮಿಳುನಾಡಿನಲ್ಲಿ ಬೀಜಕ್ಕಾಗಿ ಇದನ್ನು ಬೆಳೆಯಾಗಿ ಬೆಳೆಸುತ್ತಾರೆ, ಅದು ಆ ರಾಜ್ಯದ ಪುಷ್ಪವೂ ಆಗಿದೆ. ಔಷಧವಾದ ಮಾತ್ರಕ್ಕೆ ಮನೆಯಲ್ಲಿ ಅರೆದು ಬಳಸಬಹುದೆಂದು ತಿಳಿಯಬಾರದು. ಔಷಧದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಇಲ್ಲಿ ಅಂತರ ಬಹಳ ಕಿರಿದು.

ಗುರುತುಗಳು ಸ್ಪಷ್ಟವಾಗಿವೆ. ಇದು ಹತ್ತುವ ಬಳ್ಳಿ, ಆದರೆ ಕಾಂಡದಿಂದ ಸುತ್ತಿಕೊಳ್ಳುವುದಿಲ್ಲ. ಉದ್ದನೆಯ ತೊಟ್ಟಿಲ್ಲದ ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ನಮ್ಮ ಬೇಲಿಗಳಲ್ಲಿ ಎಲೆತುದಿ ಹೀಗೆ ಸುರುಳಿಯಾಗುವ ಬಳ್ಳಿಗಳು ಬೆರಳೆಣಿಕೆಯಷ್ಟು. ಹೂವು ಕೆಳಮುಖವಾಗಿ ನೇತಾಡುತ್ತದೆ, ಅಂಚು ಅಲೆಯಲೆಯಾದ ಆರು ಎಸಳುಗಳು ಹಿಂದಕ್ಕೆ ಮಡಚಿ ಮೇಲಕ್ಕೆ ಚಾಚಿಕೊಳ್ಳುತ್ತವೆ. ಆರು ಕೇಸರಗಳು ಚಕ್ರದ ಕಡ್ಡಿಗಳಂತೆ ಹೊರಕ್ಕೆ ಹರಡಿರುತ್ತವೆ. ಅಂಡಾಶಯ ಎಸಳುಗಳ ಬುಡಕ್ಕಿಂತ ಮೇಲಿನ ಸ್ಥಾನದ್ದು, ಹೂವು ತಲೆಕೆಳಗಾಗಿರುವುದರಿಂದ ಕೆಳಗೆ ಇಳಿಬಿದ್ದಂತೆ ಕಾಣುತ್ತದೆ. ಅದರ ತುದಿಯ ಶಲಾಕೆ ಬುಡದಲ್ಲಿಯೇ ತಟಕ್ಕನೆ ಅಡ್ಡಕ್ಕೆ ಬಾಗಿರುವುದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಹೂವಿರುವಾಗ ಯಾರೂ ಮೋಸ ಹೋಗುವುದಿಲ್ಲ. ಅಪಾಯವಿರುವುದು ಮಳೆಗಾಲ ಮುಗಿದು ಬಳ್ಳಿ ಒಣಗಿ, ನೆಲದಲ್ಲಿ ಗಡ್ಡೆ ಮಾತ್ರ ಉಳಿದಾಗ. ಕಾಡುಗೆಣಸು ಅಗೆಯುವವರ ಗುದ್ದಲಿಗೆ ಅದೂ ಸಿಗುತ್ತದೆ. ಸಂಸ್ಕೃತದ ಲಾಂಗಲಿ ಎಂಬ ಹೆಸರನ್ನು ಇಲ್ಲಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು: ಲಾಂಗಲವೆಂದರೆ ನೇಗಿಲು. ಗಡ್ಡೆ ನೇಗಿಲಿನಂತೆ ಕೋನವಾಗಿ ಕವಲೊಡೆದು ಎರಡು ತೋಳು ಚಾಚಿರುತ್ತದೆ, ತೋಳಿನ ತುದಿ ಚೂಪಾಗಿರುತ್ತದೆ. ಕಾಡುಗೆಣಸಿನ ಬಳ್ಳಿಯಾದರೋ ಕಾಂಡದಿಂದಲೇ ಸುತ್ತಿಕೊಳ್ಳುತ್ತದೆ. ಅದರ ಎಲೆಗೆ ಉದ್ದ ತೊಟ್ಟಿದೆ, ಹಲವು ಪ್ರಭೇದಗಳಲ್ಲಿ ಎಲೆ ಹೃದಯದಾಕಾರ, ಹೂವು ಗಮನಕ್ಕೆ ಬಾರದಷ್ಟು ಚಿಕ್ಕದು, ಒಣಗಿದ ಕಾಯಿಗೆ ಮೂರು ರೆಕ್ಕೆ. ಅಗೆಯುವ ಮುನ್ನ ಒಣ ಬಳ್ಳಿಯನ್ನು ಹಿಡಿದು ಅದು ಆಸರೆಯನ್ನು ಹೇಗೆ ಹಿಡಿದಿತ್ತು ಎಂದು ನೋಡಿ. ಬಳ್ಳಿಯ ಗುರುತೇ ಸಿಗದಿದ್ದರೆ ಆ ಗಡ್ಡೆಯನ್ನು ಅಲ್ಲಿಯೇ ಬಿಡುವುದು ಲೇಸು. ಬೇಯಿಸಿದರೆ ವಿಷ ಹೋಗುತ್ತದೆಂಬ ನಂಬಿಕೆ ಇದಕ್ಕೆ ಅನ್ವಯಿಸುವುದಿಲ್ಲ.

ತಿಂದವರಿಗೆ ಕೆಲವು ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು, ರಕ್ತ ಬೆರೆತ ಭೇದಿ ಆರಂಭವಾಗುತ್ತದೆ. ನಡುವೆ ಸುಧಾರಿಸಿದಂತೆ ಕಂಡರೂ ಮುಂದಿನ ದಿನಗಳಲ್ಲಿ ಮೂತ್ರಪಿಂಡ, ಹೃದಯ, ಮೂಳೆಮಜ್ಜೆಗಳಿಗೆ ಹಾನಿಯಾಗಬಹುದು. ಆದ್ದರಿಂದ ಲಕ್ಷಣಗಳಿಗಾಗಿ ಕಾಯದೆ, ತಿಂದದ್ದು ತಿಳಿದ ಕೂಡಲೇ ಉಳಿದ ಗಡ್ಡೆ ಮತ್ತು ಬಳ್ಳಿಯ ತುಂಡಿನೊಂದಿಗೆ ಆಸ್ಪತ್ರೆಗೆ ಒಯ್ಯಬೇಕು. ಜಾನುವಾರುಗಳ ವಿಷಯದಲ್ಲಿ ಪಶುವೈದ್ಯರಿಗೂ ಮಾದರಿಯನ್ನು ತೋರಿಸಬೇಕು.

ಬಾಲವಿರುವ ಹೂಗಳು

ಇನ್ನೊಂದು ಗೌರಿ ಹೂವಾದ ಕರ್ಣಕುಂಡಲಕ್ಕೆ, ಎಂದರೆ ಇಂಪೇಷಿಯನ್ಸ್ ಜಾತಿಗೆ, ಪಶ್ಚಿಮ ಘಟ್ಟ ತವರು. ಇಲ್ಲಿಯೇ ಸುಮಾರು ನೂರು ಪ್ರಭೇದಗಳಿವೆ. ನೀರು ತುಂಬಿದಂತೆ ಪಾರದರ್ಶಕವಾದ ಮೆದು ಕಾಂಡ, ಹೂವಿನ ಹಿಂದೆ ಮಕರಂದ ತುಂಬಿದ ಬಾಲ, ಮುಟ್ಟಿದರೆ ಸಿಡಿಯುವ ಕಾಯಿ, ಇವು ಅದರ ಲಕ್ಷಣಗಳು. ಒದ್ದೆ ಬಂಡೆಗಳ ಮೇಲೆ ಬೆಳೆಯುವ ಕೆಲವು ಪ್ರಭೇದಗಳಲ್ಲಿ ಕಾಂಡವೇ ಕಾಣದೆ, ಬುಡದ ಎಲೆಗಳ ನಡುವಿನಿಂದ ಹೂದಂಟು ನೇರವಾಗಿ ಏಳುತ್ತದೆ. ಇವನ್ನು ನೆಲದ ಆರ್ಕಿಡ್‌ಗಳೆಂದು ಭಾವಿಸಿ ನಮಗೆ ಕಳುಹಿಸುವವರು ಪ್ರತಿ ವರ್ಷವೂ ಇದ್ದಾರೆ. ಹೆಬನೇರಿಯದಂಥ ಆರ್ಕಿಡ್‌ಗಳಿಗೂ ಬಾಲವಿದೆ, ಯುಟ್ರಿಕ್ಯುಲೇರಿಯಕ್ಕೂ ಬಾಲವಿದೆ. ಹಾಗಾಗಿ ಬಾಲವಿದೆಯೇ ಎಂದು ಕೇಳಿ ಪ್ರಯೋಜನವಿಲ್ಲ, ಅದು ಎಲ್ಲಿಂದ ಹೊರಟಿದೆ ಎಂದು ನೋಡಬೇಕು.

ಕರ್ಣಕುಂಡಲದಲ್ಲಿ ಬಾಲ ಹೊರಡುವುದು ಎಸಳಿನಿಂದಲ್ಲ, ಹೊರಸುತ್ತಿನ ಒಂದು ಪುಷ್ಪಪತ್ರದಿಂದ. ಐದು ಕೇಸರಗಳ ತಲೆಗಳು ಕೂಡಿ ಅಂಡಾಶಯದ ಮೇಲೆ ಟೋಪಿಯಂತೆ ಕುಳಿತಿರುತ್ತವೆ. ಹೆಬನೇರಿಯದಲ್ಲಿ ಬಾಲ ಹೊರಡುವುದು ತುಟಿಯಂತೆ ಹರಡಿದ ಒಂದು ಎಸಳಿನಿಂದ. ಅಲ್ಲಿ ಕೇಸರವೂ ಶಲಾಕೆಯೂ ಬೆಸೆದು ಒಂದೇ ಕಂಬವಾಗಿರುತ್ತವೆ, ಪರಾಗ ಪುಡಿಯಾಗಿರದೆ ಉಂಡೆಯಾಗಿರುತ್ತದೆ. ಹೂವಿನ ತೊಟ್ಟೆಂದು ನಾವು ತಿಳಿಯುವುದು ವಾಸ್ತವವಾಗಿ ಅಂಡಾಶಯ. ಹಗ್ಗದಂತೆ ತಿರುಚಿಕೊಂಡಿರುವ ಅದನ್ನು ಅಡ್ಡ ಕೊಯ್ದರೆ ಒಳಗೆ ಧೂಳಿನಂತಹ ಲೆಕ್ಕವಿಲ್ಲದಷ್ಟು ಅಂಡಕಗಳು ಕಾಣುತ್ತವೆ. ಯುಟ್ರಿಕ್ಯುಲೇರಿಯದಲ್ಲಿ ಎಸಳುಗಳು ಕೂಡಿ ಎರಡು ತುಟಿಗಳಾಗಿ, ಕೆಳತುಟಿಯಿಂದ ಬಾಲ ಹೊರಟಿರುತ್ತದೆ. ಕೇಸರಗಳು ಎರಡೇ.

ಈ ವ್ಯತ್ಯಾಸ ಕೇವಲ ಪಾಂಡಿತ್ಯದ ಮಾತಲ್ಲ. ಕಾಡಿನ ಆರ್ಕಿಡ್‌ಗಳು ಅಂಗಳದಲ್ಲಿ ನೆಟ್ಟರೆ ಬಹುತೇಕ ಉಳಿಯುವುದಿಲ್ಲ. ಅವುಗಳ ಬೀಜ ಮೊಳೆಯಲು ಶಿಲೀಂಧ್ರದ ಸಹವಾಸ ಬೇಕು. ಮೀಸಲು ಅರಣ್ಯದಿಂದ ಯಾವ ಗಿಡವನ್ನೇ ಆಗಲಿ ಅನುಮತಿಯಿಲ್ಲದೆ ಕೀಳುವುದು ಅಪರಾಧವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಹಳದಿ ಚಿಟ್ಟೆಹೂಗಳು: ಮೇವು ಯಾವುದು, ವಿಷ ಯಾವುದು

ಹುಲ್ಲು ಕೊಯ್ಯುವವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಜೋಡಿ ಇದು. ಸೆಪ್ಟೆಂಬರ್‌ನಲ್ಲಿ ಇಳಿಜಾರುಗಳನ್ನು ಹಳದಿಯಾಗಿಸುವ ಅವರೆ ಕುಟುಂಬದ ಎರಡು ಜಾತಿಗಳು ಸ್ಮಿಥಿಯ ಮತ್ತು ಕ್ರೊಟಲೇರಿಯ. ಎರಡರ ಹೂವೂ ಅವರೆ ಹೂವಿನ ಆಕಾರದ್ದೇ: ಮೇಲೊಂದು ಪತಾಕೆ, ಪಕ್ಕದಲ್ಲಿ ಎರಡು ರೆಕ್ಕೆ, ಕೆಳಗೊಂದು ದೋಣಿ. ಸ್ಮಿಥಿಯವನ್ನು ದನಗಳು ಇಷ್ಟಪಟ್ಟು ಮೇಯುತ್ತವೆ. ಕ್ರೊಟಲೇರಿಯದ ಹಲವು ಪ್ರಭೇದಗಳಲ್ಲಿ ಪೈರೊಲಿಜಿಡಿನ್ ಗುಂಪಿನ ಆಲ್ಕಲಾಯ್ಡುಗಳಿದ್ದು, ದಿನವೂ ಸ್ವಲ್ಪಸ್ವಲ್ಪ ಹೊಟ್ಟೆಗೆ ಹೋದರೆ ಯಕೃತ್ತು ನಿಧಾನವಾಗಿ ಹಾಳಾಗುತ್ತದೆ. ದನ ಸೊರಗುವ ಹೊತ್ತಿಗೆ ಯಾವ ಹುಲ್ಲಿನಿಂದ ಹೀಗಾಯಿತೆಂದು ನೆನಪಿರುವುದಿಲ್ಲ.

ಹೂವನ್ನು ಬಿಟ್ಟು ಮೊದಲು ಎಲೆ ನೋಡಿ. ಸ್ಮಿಥಿಯದ ಎಲೆ ಹುಣಸೆಯ ಎಲೆಯಂತೆ ಜೋಡಿಜೋಡಿ ಕಿರುಎಲೆಗಳಿಂದ ಕೂಡಿದ್ದು, ತುದಿಯಲ್ಲಿ ಒಂಟಿ ಕಿರುಎಲೆ ಇರುವುದಿಲ್ಲ. ಘಟ್ಟದ ಕ್ರೊಟಲೇರಿಯಗಳಲ್ಲಿ ಬಹುಪಾಲು ಬಿಡಿ ಎಲೆಯವು, ಕೆಲವು ಮೂರೆಲೆಯವು. ಕಾಯಿ ಕಟ್ಟಿದ್ದರೆ ಅನುಮಾನವೇ ಉಳಿಯದು: ಕ್ರೊಟಲೇರಿಯದ ಕಾಯಿ ಗಾಳಿ ತುಂಬಿದ ಚೀಲ, ಒಣಗಿ ಅಲ್ಲಾಡಿಸಿದರೆ ಬೀಜಗಳು ಗಿಲಕಿಯಂತೆ ಸದ್ದು ಮಾಡುತ್ತವೆ. ಸ್ಮಿಥಿಯದ ಕಾಯಿ ತುಂಡುತುಂಡಾಗಿ ಮಡಚಿಕೊಂಡು ಪುಷ್ಪಪತ್ರಗಳೊಳಗೆ ಅಡಗಿರುತ್ತದೆ. ಹೂವೊಂದೇ ಇದ್ದರೆ ಕೇಸರಗಳನ್ನು ಮಸೂರದಲ್ಲಿ ನೋಡಬೇಕು. ಎರಡರಲ್ಲೂ ಹತ್ತು ಕೇಸರಗಳು. ಸ್ಮಿಥಿಯದಲ್ಲಿ ಐದೈದರ ಎರಡು ಕಟ್ಟು. ಕ್ರೊಟಲೇರಿಯದಲ್ಲಿ ಹತ್ತೂ ಒಂದೇ ಕಟ್ಟಾಗಿ, ಪರಾಗಕೋಶಗಳಲ್ಲಿ ಐದು ಉದ್ದ, ಐದು ಗಿಡ್ಡ. ಹಸಿರೆಲೆ ಗೊಬ್ಬರವಾಗಿ ನಾವೇ ಶಿಫಾರಸು ಮಾಡುವ ಸೆಣಬು ಕೂಡ ಕ್ರೊಟಲೇರಿಯವೇ. ಮಣ್ಣಿಗೆ ಸೇರಿಸುವುದಕ್ಕೆ ಅದರಷ್ಟು ಒಳ್ಳೆಯದು ಅಪರೂಪ, ಹಾಗೆಂದು ಜಾತಿಯ ಉಳಿದವೆಲ್ಲ ಮೇವಾಗುವುದಿಲ್ಲ.

ಎತ್ತರದ ಹುಲ್ಲುಗಾವಲುಗಳಲ್ಲಿ ಮಳೆಗಾಲದ ನಂತರ ಆಳೆತ್ತರಕ್ಕೂ ಮೀರಿ ನಿಲ್ಲುವ ಕಾಡುಹೊಗೆಸೊಪ್ಪನ್ನೂ ಇಲ್ಲಿ ಹೆಸರಿಸಬೇಕು. ಇದರ ವೈಜ್ಞಾನಿಕ ನಾಮ ಲೊಬೀಲಿಯ ನಿಕೋಷಿಯಾನಿಫೋಲಿಯ. ಎಲೆ ಹೊಗೆಸೊಪ್ಪಿನಂತಿದ್ದರೂ ಕಾಂಡ ಪೊಳ್ಳು, ಮುರಿದರೆ ಹಾಲು. ಬಿಳಿ ಹೂವಿನ ಕೊಳವೆ ಬೆನ್ನಿನುದ್ದಕ್ಕೂ ಸೀಳಿರುತ್ತದೆ, ಐದು ಪರಾಗಕೋಶಗಳು ಕೂಡಿ ಕೊಳವೆಯಾಗಿರುತ್ತವೆ. ಹೊಗೆಸೊಪ್ಪಿನಲ್ಲಿ ಹಾಲೂ ಇಲ್ಲ, ಹೂವಿನ ಸೀಳೂ ಇಲ್ಲ. ಇದೂ ವಿಷಸಸ್ಯ.

ಬಿಳಿಯ ನೆಲಹೂಗಳು

ಮೊದಲ ಮಳೆಗಳಿಗೆ ಎದ್ದುಬರುವ ಬಿಳಿ ಹೂಗಳಲ್ಲಿ ಮುಸ್ಲಿಯ ಬಂಧುವಾದ ಕ್ಲೋರೊಫೈಟಂ ಒಂದು, ಪ್ಯಾಂಕ್ರೇಷಿಯಂ ಇನ್ನೊಂದು. ಎರಡಕ್ಕೂ ಆರು ಎಸಳು, ಆರು ಕೇಸರ. ಪ್ಯಾಂಕ್ರೇಷಿಯಂನಲ್ಲಿ ಕೇಸರಗಳ ಬುಡಗಳನ್ನು ಒಂದು ತೆಳುವಾದ ಬಿಳಿ ಬಟ್ಟಲು ಜೋಡಿಸಿರುತ್ತದೆ, ಅಂಡಾಶಯ ಎಸಳುಗಳ ಕೆಳಗಿದೆ, ನೆಲದಲ್ಲಿ ಈರುಳ್ಳಿಯಂಥ ಪದರಗಡ್ಡೆಯಿದೆ. ಕ್ಲೋರೊಫೈಟಂನಲ್ಲಿ ಬಟ್ಟಲಿಲ್ಲ, ಅಂಡಾಶಯ ಮೇಲಿದೆ, ನೆಲದಲ್ಲಿ ಬೇರುಗಳ ಗೊಂಚಲಿದೆ. ಪ್ಯಾಂಕ್ರೇಷಿಯಂನ ಕುಟುಂಬದ ಪದರಗಡ್ಡೆಗಳಲ್ಲಿ ವಾಂತಿ ತರಿಸುವ ಆಲ್ಕಲಾಯ್ಡುಗಳಿವೆ. ಈರುಳ್ಳಿಯ ವಾಸನೆ ಬಾರದ ಯಾವ ಪದರಗಡ್ಡೆಯನ್ನೂ ಅಡುಗೆಮನೆಗೆ ತರಬೇಡಿ.

ನೀಲಿ ಕಂಡದ್ದೆಲ್ಲ ನೀಲಕುರಿಂಜಿಯಲ್ಲ

ಗುರಿಗೆ ಎಂದು ಮಲೆನಾಡಿಗರು ಕರೆಯುವ ಸ್ಟ್ರೊಬಿಲಾಂತಸ್‌ನಲ್ಲಿ ಅನೇಕ ಪ್ರಭೇದಗಳಿವೆ. ಹನ್ನೆರಡು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಅರಳಿ ಸಾಯುವ ಸ್ಟ್ರೊಬಿಲಾಂತಸ್ ಕುಂತಿಯಾನ ಅವುಗಳಲ್ಲೊಂದು. ನೀಲಗಿರಿ ಮತ್ತು ಮುನ್ನಾರ್ ಬೆಟ್ಟಗಳಲ್ಲಿ ಅದು 2006ರಲ್ಲಿಯೂ 2018ರಲ್ಲಿಯೂ ಅರಳಿತ್ತು. ಉಳಿದ ಪ್ರಭೇದಗಳ ಅವಧಿ ಬೇರೆಬೇರೆ. ಜೇನು ಸಾಕುವವರಿಗೆ ಈ ಹೂಗಾಲ ಮುಖ್ಯವಾದುದರಿಂದ ಅವರು ತಮ್ಮ ಬೆಟ್ಟದ ಗುರಿಗೆ ಅರಳಿದ ವರ್ಷವನ್ನು ಬರೆದಿಟ್ಟುಕೊಳ್ಳಬೇಕೆಂದು ನನ್ನ ಒತ್ತಾಯ. ಎದುರುಬದುರು ಎಲೆ, ಊದಿದ ಗೆಣ್ಣು, ಐದು ಹಾಲೆಗಳ ಗಂಟೆಯಂಥ ಹೂವು, ಎರಡಾಗಿ ಸೀಳಿ ಬೀಜವನ್ನು ಎಸೆಯುವ ಕಾಯಿ ಇದರ ಗುರುತು. ತುಂಬೆ, ತುಳಸಿಗಳ ಕುಟುಂಬದಲ್ಲಿಯೂ ಕಾಂಡ ಚೌಕ, ಎಲೆ ಎದುರುಬದುರು. ಆದರೆ ಅಲ್ಲಿ ಕಾಯಿ ಸೀಳುವುದಿಲ್ಲ, ಪುಷ್ಪಪಾತ್ರೆಯ ತಳದಲ್ಲಿ ನಾಲ್ಕು ಪುಟ್ಟ ಬೀಜಗಾಯಿಗಳಿರುತ್ತವೆ, ಎಲೆ ಉಜ್ಜಿದರೆ ಸಾಮಾನ್ಯವಾಗಿ ಘಮ ಬರುತ್ತದೆ.

ಮಾದರಿ ಕಳುಹಿಸುವವರಿಗೆ

ಮೊಬೈಲ್ ಆ್ಯಪ್‌ಗಳು ಸಸ್ಯದ ಜಾತಿಯವರೆಗೆ ಅನೇಕ ಸಲ ಸರಿಯಾಗಿ ಕರೆದೊಯ್ಯುತ್ತವೆ. ಆದರೆ ಅವು ಹೂವನ್ನು ಸೀಳಿ ನೋಡುವುದಿಲ್ಲ. ವಿಷದ ಪ್ರಶ್ನೆಯಿರುವಲ್ಲಿ ಅವುಗಳ ಉತ್ತರವೇ ಕೊನೆಯ ಮಾತಾಗಬಾರದು. ವಿಸ್ತರಣಾ ಕಾರ್ಯಕರ್ತರು ಇಂಗ್ಲಿಷಿನ ಸಸ್ಯಕೋಶಗಳನ್ನು ಬಳಸಬಲ್ಲವರಾದರೆ, ಸಲ್ಡಾನ್ಹಾ ಮತ್ತು ನಿಕೋಲ್ಸನ್ 1976ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಇಂದಿಗೂ ಮಲೆನಾಡಿಗೆ ಒದಗುತ್ತದೆ. ಅದರಲ್ಲಿನ ಗುರುತಿನ ಕೀಲಿಗಳು ಒಂದೊಂದು ಹೆಜ್ಜೆಗೂ ಎರಡು ಆಯ್ಕೆಗಳನ್ನು ಕೊಟ್ಟು ಮುಂದಕ್ಕೆ ಒಯ್ಯುತ್ತವೆ. ಮೇಲೆ ವಿವರಿಸಿದ ಲಕ್ಷಣಗಳನ್ನೇ ಅವು ಕೇಳುವುದು.

ಛಾಯಾಚಿತ್ರ ಕಳುಹಿಸುವುದಾದರೆ ಒಂದು ಸಾಲದು. ಬೆಳೆದ ಜಾಗದೊಂದಿಗೆ ಇಡೀ ಗಿಡ, ಗೆಣ್ಣು ಮತ್ತು ಎಲೆ ಜೋಡಣೆ, ಎಲೆಯ ಎರಡೂ ಬದಿ, ಹೂವಿನ ಮುಖ, ಹೂವಿನ ಪಕ್ಕ, ಉದ್ದಕ್ಕೆ ಸೀಳಿದ ಹೂವು, ಇದ್ದರೆ ಕಾಯಿ. ಅಳತೆಗಾಗಿ ಪಕ್ಕದಲ್ಲಿ ಒಂದು ನಾಣ್ಯವಿರಲಿ. ಸ್ವಂತ ಜಮೀನಿನ ಗಿಡವಾದರೆ ಹೂವು ಸಹಿತ ಕೊಂಬೆಯೊಂದನ್ನು ಹಳೆಯ ದಿನಪತ್ರಿಕೆಯ ಮಡಿಕೆಯಲ್ಲಿ ಹರಡಿ, ಮೇಲೆ ಭಾರವಿಟ್ಟು ಒಣಗಿಸಿ. ಮಳೆಗಾಲದಲ್ಲಿ ಕಾಗದವನ್ನು ದಿನವೂ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಕರ್ಣಕುಂಡಲದಂಥ ನೀರುಗಾಂಡದ ಹೂವು ಒಣಗಿದ ಮೇಲೆ ಆಕಾರ ಕಳೆದುಕೊಳ್ಳುವುದರಿಂದ ಅದರ ಚಿತ್ರವನ್ನು ಮೊದಲೇ ತೆಗೆದಿಡಿ. ಸಂಗ್ರಹಿಸಿದ ದಿನಾಂಕ, ಊರು, ಅಂದಾಜು ಎತ್ತರ, ಹೂವಿನ ತಾಜಾ ಬಣ್ಣ, ಹಾಲು ಅಥವಾ ವಾಸನೆಯ ವಿವರ, ನಿಮ್ಮ ಊರಿನಲ್ಲಿ ಅದಕ್ಕಿರುವ ಹೆಸರು, ಇಷ್ಟನ್ನು ಚೀಟಿಯಲ್ಲಿ ಬರೆದು ಮಾದರಿಯೊಂದಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಬಹುದು. ದನ ತಿಂದಿದೆ ಅಥವಾ ಮನೆಯವರು ತಿಂದಿದ್ದಾರೆ ಎಂಬ ಸಂದರ್ಭದಲ್ಲಿ ಮಾದರಿ ಮೊದಲು ಹೋಗಬೇಕಾದುದು ವೈದ್ಯರ ಬಳಿಗೆ. ನಮಗೆ ಅದರ ಚಿತ್ರ ಸಾಕು.